ದೊಡ್ಡಮನೆಯ ಹಳೆಯ ಟೈರುಗಳು

ಹಳೆಯ ಟೈರಿಗೆ ಕೆಂಪು-ಬಿಳಿ ದಾರ ಕಟ್ಟಿ ಉಡುಗೊರೆ ಅಂತ ಕೊಡುವುದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಮದುವೆಗೂ ಹೊಸ ವರ್ಷಕ್ಕೂ ಕಟ್ಟುವ ಅದೇ ದಾರ, ಅದೇ ಗಂಟು. ಸೇಬಿನ ಕೊಯ್ಲು ಮುಗಿದ ಸಂತೋಷಕ್ಕೆ ಊರವರೆಲ್ಲ ಸೇರಿ ಉಣ್ಣುತ್ತಿದ್ದಾಗ ನಮ್ಮ ಭಾವ ಕುನಿಮಿತ್ಸು ನಾಲ್ಕು ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನದಕ್ಕೆ ದಾರ ಬಿಗಿದು, ಅಂಗಳಕ್ಕೆ ತರಿಸಿದರು.

"ಮೊರಿಯೊ, ಈ ಸಲ ನಮ್ಮ ಪಿಕಪ್ಪಿಗೆ ಹೊಸ ಹಿಮದ ಟೈರ್ ತಂದಿದೀನಿ. ಹಳೇದು ನಿಂಗೇ. ನೆಲ ಹಿಡಿಯೋ ಬಟನ್ ಇನ್ನೂ ಎಷ್ಟು ದಪ್ಪಗಿದೆ ನೋಡು! ಬೇರೆಯವ್ರಾಗಿದ್ರೆ ಕೊಡ್ತಾ ಇರ್ಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೊರಿಯೊ, ನನ್ನ ಗಂಡ, ಸೇಬಿನ ಏಣಿಯಿಂದ ಬಿದ್ದು ಸೊಂಟ ಹಿಡಿಸಿಕೊಂಡಿದ್ದವನು, ಆ ಸೊಂಟವನ್ನೇ ಮಡಿಸಿ ಹಣೆ ಚಾಪೆಗೆ ತಾಗುವಷ್ಟು ಬಗ್ಗಿದ. ನಾನು ತಿನ್ನುತ್ತಿದ್ದ ಮೀನನ್ನು ತಟ್ಟೆಗೆ ವಾಪಸ್ಸಿಟ್ಟೆ.

ದಾಯಾದಿ ಸಂಬಂಧದಲ್ಲಿ ನನ್ನ ಗಂಡನಿಗೆ ಅಣ್ಣನಾಗುವ ಕುನಿಮಿತ್ಸು ಅವರದು ದೊಡ್ಡಮನೆ. ನಮ್ಮದು ಅಜ್ಜನ ಕಾಲದಲ್ಲಿ ಅಲ್ಲಿಂದ ಬೇರೆಯಾದ ಚಿಕ್ಕಮನೆ. ದೊಡ್ಡಮನೆಗೆ ಬೇಡವಾದದ್ದೆಲ್ಲ ಚಿಕ್ಕಮನೆಗೆ ಇಳಿದು ಬರುತ್ತದೆ: ಹತ್ತಿ ಗಂಟುಗಟ್ಟಿದ ರಜಾಯಿ, ಮುಚ್ಚಳ ಕೂರದ ಅನ್ನದ ಪಾತ್ರೆ, ಈಗ ಟೈರು. ಅದಕ್ಕೆ ಪ್ರತಿಯಾಗಿ ನಾವು ಅವರ ಚಾವಣಿಯ ಹಿಮ ಎಳೆದು ಹಾಕಬೇಕು, ನವೆಂಬರಿನಲ್ಲಿ ಅವರ ಮೂರು ಗಾಡಿಗಳಿಗೆ ಹಿಮದ ಟೈರು ಹಾಕಿಕೊಡಬೇಕು. ಬೇಡ ಅನ್ನುವ ಹಾಗಿಲ್ಲ. ಸೇಬಿನ ಮರಗಳಿಗೆ ಔಷಧಿ ಸಿಂಪಡಿಸುವ ಯಂತ್ರ ಇರುವುದು ದೊಡ್ಡಮನೆಯಲ್ಲಿ. ಮೇ ತಿಂಗಳಲ್ಲಿ ಅವರು ಅದನ್ನು ಒಂದು ವಾರ ತಡಮಾಡಿ ಕೊಟ್ಟರೆ ಸಾಕು, ನಮ್ಮ ಆ ವರ್ಷದ ಬೆಳೆ ಹುಳದ ಪಾಲು. ಹಾಗೆ ಮಾಡುತ್ತೇನೆ ಅಂತ ಭಾವ ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಅಗತ್ಯವೇ ಬೀಳದಂತೆ ನನ್ನ ಗಂಡ ನೋಡಿಕೊಂಡಿದ್ದ.

ನಮ್ಮ ಮನೆ ಇಳಿಜಾರಿನ ಮೇಲ್ತುದಿಯಲ್ಲಿದೆ, ದೊಡ್ಡಮನೆ ಕೆಳಗೆ ಬಯಲಿನಲ್ಲಿ. ಕೆಳಗೆ ಸಹಕಾರ ಸಂಘದಲ್ಲಿ ನಾನು ಚಳಿಗಾಲ ಪೂರ್ತಿ ಸೇಬು ವಿಂಗಡಿಸುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಏಳಕ್ಕೆ ನಮ್ಮ ಪುಟ್ಟ ಪಿಕಪ್ಪಿನಲ್ಲಿ ಹೊರಟರೆ ಒಂದೂವರೆ ಕಿಲೋಮೀಟರ್ ಇಳಿಜಾರು, ಬುಡದಲ್ಲಿ ಬಲಕ್ಕೆ ತಿರುವು, ತಿರುವಿನ ಎಡಕ್ಕೆ ನೀರಿನ ಕಾಲುವೆ. ಅಂಚಿಗೆ ತಡೆಕಂಬಿ ಇಲ್ಲ. ಹಿಮ ತಳ್ಳುವ ಯಂತ್ರಕ್ಕೆ ಅಡ್ಡ ಅಂತ ಕಿತ್ತುಹಾಕಿದ್ದಾರೆ. ಹಗಲು ಕರಗಿದ ಹಿಮ ಕತ್ತಲಾದ ಮೇಲೆ ಹೆಪ್ಪುಗಟ್ಟುತ್ತದೆ, ಬೆಳಗಿನ ಗಾಡಿಗಳು ಅದನ್ನು ತಿಕ್ಕಿ ಗಾಜು ಮಾಡುತ್ತವೆ. ಆ ವರ್ಷದ ಫೆಬ್ರವರಿಯಲ್ಲಿ, ದೊಡ್ಡಮನೆಯಿಂದ ಹಿಂದೊಮ್ಮೆ ಬಂದಿದ್ದ ಟೈರುಗಳ ಮೇಲೆ, ನಾನು ಅಲ್ಲಿ ಜಾರಿದೆ. ಎಡ ಮುಂಚಕ್ರ ಕಾಲುವೆಗೆ ಒಂದು ಗೇಣು ಬಿಟ್ಟು ನಿಂತಿತು. ಮೂರು ವರ್ಷದ ಹಿಂದೆ ಅದೇ ಜಾಗದಲ್ಲಿ ಅಂಚೆಯವನ ಹೆಂಡತಿ ಸತ್ತಿದ್ದಳು. ಮಗುಚಿದ ಗಾಡಿಯ ಬಾಗಿಲು ತೆರೆದಿರಲಿಲ್ಲ. ಜಾರಿದ ದಿನದಿಂದ ನಾನು ಆ ಇಳಿಜಾರನ್ನು ಗಂಟೆಗೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಇಳಿಯುತ್ತಿರಲಿಲ್ಲ.

ನಮ್ಮ ಊರಿನ ಗಂಡಸರನ್ನು ಕೇಳಿದರೆ ಒಂದೇ ಮಾತು: ನಾಲ್ಕು ಚಕ್ರವೂ ಎಳೆಯುವ ಗಾಡಿ ಇರುವಾಗ ಹೆದರಿಕೆ ಯಾಕೆ? ಈ ಮಾತು ಕೇಳಿ ಕೇಳಿ ಕಿವಿ ತೂತುಬಿದ್ದಿದೆ. ನಾಲ್ಕು ಚಕ್ರ ಎಳೆದರೆ ಗಾಡಿ ಹೊರಡುತ್ತದೆ, ಅಷ್ಟೇ. ನಿಲ್ಲಿಸುವುದು ರಬ್ಬರು.

ಆ ಟೈರುಗಳಲ್ಲಿ ಒಂದನ್ನು ಮಾರನೆಯ ದಿನ ಪೇಟೆಯ ಅಂಚಿನ ಸೋಮಾನ ಅಂಗಡಿಗೆ ಒಯ್ದೆ. ಕೆಟ್ಟು ನಿಂತ ಗಾಡಿ ಎಳೆದು ತರುವುದೊಂದು ಬಿಟ್ಟರೆ ಸೋಮಾ ಮೂವತ್ತು ವರ್ಷದಿಂದ ಟೈರಲ್ಲದೆ ಬೇರೇನೂ ಮುಟ್ಟಿದವನಲ್ಲ. ರಬ್ಬರಿಗೆ ಉಗುರು ಒತ್ತಿದ, ಗಡುಸು ಅಳೆಯುವ ಮುಳ್ಳು ಒತ್ತಿದ, ಆಮೇಲೆ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದ.

"ತಯಾರಾಗಿ ಹನ್ನೊಂದು ವರ್ಷ ಆಯ್ತು, ಇಕುಕೊ ಅಕ್ಕ. ಯಾವ್ದೋ ಬಿಸಿಲು ಗೋಡೆಗೆ ಒರಗಿಸಿ ಇಟ್ಟಿದ್ರು ಅನ್ಸುತ್ತೆ."

"ಬಟನ್ ದಪ್ಪ ಇದೆಯಲ್ಲಪ್ಪ?"

"ಎಲ್ರೂ ಮೋಸ ಹೋಗೋದು ಅಲ್ಲೇ. ಹಿಮದ ಟೈರ್ ಮೆತ್ತಗಿರ್ಬೇಕು. ಮಂಜುಗಡ್ಡೆ ಮೇಲೆ ತೆಳ್ಳಗೆ ನೀರಿರುತ್ತಲ್ಲ, ಅದನ್ನ ಈ ಸಣ್ಣ ಸೀಳುಗಳು ಎಳ್ಕೊಂಡು ರಬ್ಬರ್ ನೆಲ ಹಿಡೀಬೇಕು. ಇದೇನು ಹಿಡಿಯುತ್ತೆ? ಬಟನ್ ಇರೋ ಕಲ್ಲು ಇದು. ಇದನ್ನ ಹಾಕ್ಕೊಂಡು ನೀವು ಆ ಇಳಿಜಾರು ಇಳೀಬೇಡಿ."

ಭಾವ ಗೊತ್ತಿಲ್ಲದೆ ಕೊಟ್ಟರೋ, ಗೊತ್ತಿದ್ದೇ ಕೊಟ್ಟರೋ? ಮನೆಗೆ ಬರುವವರೆಗೂ ಅದೇ ಯೋಚನೆ. ಮೊರಿಯೊ ಸೊಂಟಕ್ಕೆ ಬಿಸಿ ಪಟ್ಟಿ ಕಟ್ಟಿಕೊಂಡು ಮಲಗಿದ್ದ.

"ಹೊಸದು ತಗೊಳ್ಳೋಣ ರೀ. ನನ್ನ ಸಂಬಳದಲ್ಲೇ ಆಗುತ್ತೆ."

"ದಿನಾ ಅಣ್ಣನ ಗೇಟಿನ ಮುಂದೇನೇ ಹೋಗ್ಬೇಕು. ಕಾಣಲ್ವಾ? ಊರೆದುರು ಕೊಟ್ಟಿದ್ದನ್ನ ಮೂಲೆಗೆ ಹಾಕಿ ಹೊಸದು ತಂದ್ರು ಅಂದ್ರೆ ಅವರ ಮುಖ ಏನಾಗುತ್ತೆ? ಮೇ ತಿಂಗಳಲ್ಲಿ ಯಂತ್ರಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ನಾನು ಕಾಲುವೆಗೆ ಬಿದ್ರೆ ಯಾವ ಮುಖ ಇಟ್ಕೊಂಡು ಅಳ್ತೀರಿ?"

"ಅಪಶಕುನದ ಮಾತಾಡ್ಬೇಡ. ನಿಧಾನ ಹೋದ್ರಾಯ್ತು."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಆ ಬೆನ್ನನ್ನು ನೋಡಿ ನನಗೆ ಹೇಸಿಗೆಯಾಯಿತು.

ಗಂಡ ಏಳಲಾರದೆ ಇದ್ದುದರಿಂದ ಆ ವರ್ಷ ದೊಡ್ಡಮನೆಗೆ ಟೈರು ಹಾಕಲು ನಾನೇ ಹೋದೆ. ನಮ್ಮ ಪಾಲಿನ ನಾಲ್ಕು ಕಲ್ಲು ಟೈರುಗಳನ್ನೂ ಪಿಕಪ್ಪಿನ ಹಿಂದೆ ಹೇರಿಕೊಂಡಿದ್ದೆ; ಒಳ್ಳೆಯ ಜಾಕ್ ಇರುವುದು ಅವರಲ್ಲೇ. ಭಾವ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದು ನಿಂತರು. ನಾನು ಅವರ ಎರಡು ಕಾರುಗಳ ಎಂಟು ಚಕ್ರ ಬಿಚ್ಚಿ ಹಾಕುವವರೆಗೂ ಒಂದು ನಟ್ಟನ್ನೂ ಕೈಗೆತ್ತಿಕೊಡಲಿಲ್ಲ. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

"ನೋಡಮ್ಮ ಇಕುಕೊ, ಹಿಮದಲ್ಲಿ ಗಾಡಿ ಓಡಿಸೋದು ಟೈರಲ್ಲ, ಮನಸ್ಸು. ಬ್ರೇಕ್ ಒತ್ಲೇಬಾರ್ದು. ಎರಡನೇ ಗೇರ್‌ಗೆ ಹಾಕಿ ಎಂಜಿನ್ನಲ್ಲೇ ಹಿಡೀಬೇಕು. ಹಿಂದೆ ಸೇಬಿನ ಪೆಟ್ಟಿಗೇಲಿ ಮರಳು ತುಂಬಿ ಇಟ್ಕೋ, ಬಾಲ ಹಾರಲ್ಲ. ಈಗಿನ ಹೆಂಗಸ್ರು ಎಲ್ಲಕ್ಕೂ ಟೈರ್ ಮೇಲೆ ತಪ್ಪು ಹಾಕ್ತಾರೆ."

"ಹಾಗಿದ್ರೆ ನೀವ್ಯಾಕೆ ಹೊಸದು ತಂದ್ರಿ, ಭಾವ?"

"ದೊಡ್ಡಮನೆ ಗಾಡಿಗೆ ಒಂದು ಗತ್ತು ಬೇಡ್ವಾ!" ಅಂತ ನಕ್ಕರು. ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಸೊಪ್ಪು ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಟಿವಿಯಲ್ಲಿ ಸುಮೊ ಕುಸ್ತಿಯ ದೊಡ್ಡ ಜೋಡಿಗಳು ಶುರುವಾದವು. ಇನ್ನು ಒಂದು ಗಂಟೆ ಅವರು ಹೊರಗೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಂಗಳದಲ್ಲಿ ನಾನೊಬ್ಬಳೇ. ಒಂದೇ ಅಳತೆಯ ಎರಡು ಪಿಕಪ್ಪು, ಗೋಡೆಗೆ ಒರಗಿದ ಎಂಟು ಚಕ್ರ, ಎಲ್ಲದರ ರಿಮ್ಮೂ ಕರಿ ಕಬ್ಬಿಣದ್ದೇ. ಬಟನ್ ಚೆನ್ನಾಗಿದೆ ಅಂತ ಊರೆದುರು ಸಾರಿದವರು ಅವರೇ. ಚೆನ್ನಾಗಿದ್ದರೆ ಅವರೇ ಇಟ್ಟುಕೊಳ್ಳಲಿ. ನಾನು ಹೊಸ ಟೈರುಗಳ ಮೇಲಿನ ರಬ್ಬರಿನ ಕೂದಲುಗಳನ್ನು ಕಿತ್ತೆ, ಬಣ್ಣದ ಪಟ್ಟೆಯನ್ನು ಕೆಸರಿನಿಂದ ತಿಕ್ಕಿದೆ, ನಮ್ಮ ಗಾಡಿಗೆ ಹಾಕಿದೆ. ಹಳೆಯವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅವರದೇ ಕಪಾಟಿನ ಕಪ್ಪು ಪಾಲಿಶ್ ಬಳಿದು, ಅವರ ಗಾಡಿಗೆ ಹಾಕಿದೆ. ನಟ್ಟುಗಳನ್ನೆಲ್ಲ ಬಿಗಿದು ಜಾಕನ್ನು ಇದ್ದ ಜಾಗದಲ್ಲೇ ಇಟ್ಟೆ.

ಕುಸ್ತಿ ಮುಗಿಸಿ ಬಂದ ಭಾವ ತಮ್ಮ ಗಾಡಿಯ ಟೈರನ್ನು ಬೂಟಿನಿಂದ ಒದ್ದು ನೋಡಿದರು. "ಆಹಾ! ಹೊಸದರ ಗತ್ತೇ ಬೇರೆ." ನಮ್ಮದರ ಮೇಲೆ ಕೈಯಾಡಿಸಿ, "ಹಳೇದಾದ್ರೂ ಏನು ಕಡ್ಮೆ ಇಲ್ಲ. ಮೊರಿಯೊಗೆ ಹೇಳು, ಅಣ್ಣ ಒಳ್ಳೇದನ್ನೇ ಕೊಟ್ಟಿದಾನೆ ಅಂತ" ಅಂದರು. ನಾನು ಬಗ್ಗಿ ಧನ್ಯವಾದ ಹೇಳಿದೆ. ನಗು ಬರಬೇಕಿತ್ತು, ಬರಲಿಲ್ಲ. ಇವರ ಕೈಯಲ್ಲಿ ನಾವು ಇಷ್ಟು ವರ್ಷ ಬಾಳಿದೆವಲ್ಲ ಅಂತ ಮೈಯೆಲ್ಲ ಕೊಳಕಾದ ಹಾಗಿತ್ತು.

ಡಿಸೆಂಬರಿನ ಮೊದಲ ವಾರ ಹಿಮ ಬಿತ್ತು, ಎರಡನೆಯ ವಾರ ರಸ್ತೆ ಗಾಜಾಯಿತು. ತಿರುವಿಗೆ ಬರುವ ಮೊದಲು ಬೇಕೆಂದೇ ಬ್ರೇಕ್ ಮೇಲೆ ಕಾಲಿಟ್ಟು ನೋಡಿದೆ. ಗಾಡಿ ಗರಗರ ಅಂದು ನಿಂತಿತು. ಅಲ್ಲೇ ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಕೂತಿದ್ದೆ, ಕಣ್ಣಲ್ಲಿ ನೀರು ಬಂತು. ಆಮೇಲೆ ದಿನ ದಿನವೂ ಧೈರ್ಯ ಹೆಚ್ಚಿತು. ಇಪ್ಪತ್ತರಲ್ಲಿ ಇಳಿಯುತ್ತಿದ್ದವಳು ಮೂವತ್ತೈದರಲ್ಲಿ ಇಳಿಯತೊಡಗಿದೆ. ಭಾವನ ಗಾಡಿ ಹಿಮ ಹೇರಿಕೊಂಡು ಸುರಿಯಲು ನದಿಯ ಕಡೆ ಹೋಗುವುದು ಕಂಡಾಗ ಮಾತ್ರ ಕಣ್ಣು ಅದರ ಚಕ್ರಗಳ ಹಿಂದೆಯೇ ಹೋಗುತ್ತಿತ್ತು. ಅವರು ಹೋಗುವುದು ಬಯಲಿನ ದಾರಿಯಲ್ಲಿ, ಏನು ಮಹಾ ಆಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೊಸ ವರ್ಷ ಕಳೆದ ಮೊದಲ ಭಾನುವಾರ ದೊಡ್ಡಮನೆಯವರೆಲ್ಲ ಅಗ್ನಿಶಾಮಕ ದಳದ ಮೆರವಣಿಗೆಗೆ ಕಾರುಗಳಲ್ಲಿ ಪೇಟೆಗೆ ಹೋದರು. ನಾನು ಪಕ್ಕದ ಮನೆಯಾಕೆಯ ಗಾಡಿಯಲ್ಲಿ ಊರ ಹೆಂಗಸರ ಜೊತೆ ಸೋಯಾ ಬೇಯಿಸಲು ಹೋದೆ. ಸಂಜೆ ಬಂದಾಗ ಮೊರಿಯೊ ಮತ್ತೆ ಸೊಂಟ ಹಿಡಿದುಕೊಂಡು ಮಲಗಿದ್ದ. ಒಂದು ವಾರದಿಂದ ಎದ್ದು ಓಡಾಡುತ್ತಿದ್ದವನು.

"ಏನಾಯ್ತು ರೀ?"

"ಹಿಮ ಎತ್ತಿದೆ. ಸ್ವಲ್ಪ ಜಾಸ್ತಿ ಆಯ್ತು" ಅಂದ.

ಸೋಮವಾರ ಬೆಳಿಗ್ಗೆ ಅವನು ಬಾಗಿಲವರೆಗೂ ಬಂದ. ಯಾವತ್ತೂ ಬಾರದವನು. "ನಿಧಾನ ಹೋಗು" ಅಂದ. ಸರಿ ಸರಿ ಅಂತ ಹೊರಟೆ. ಇಳಿಜಾರಿನಲ್ಲಿ ಮೂವತ್ತೈದು. ತಿರುವಿಗೆ ಐವತ್ತು ಅಡಿ ಇರುವಾಗ ಎಂದಿನಂತೆ ಕಾಲಿಟ್ಟೆ. ಏನೂ ಆಗಲಿಲ್ಲ. ನೆಲವೇ ಇಲ್ಲವೇನೋ ಅನ್ನುವಂತೆ ಗಾಡಿ ಸುಮ್ಮನೆ ಹೋಗುತ್ತಲೇ ಇತ್ತು. ಕಾಲು ತೆಗೆದೆ, ಎರಡನೇ ಗೇರಿಗೆ ಎಳೆದೆ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. ಚಕ್ರಗಳು ಬಲಕ್ಕೆ ತಿರುಗಿದವು, ಗಾಡಿ ನೆಟ್ಟಗೆ ಹೋಯಿತು. ಅಂಚು ಕಂಡಿತು. ಎಡಭಾಗ ಕುಸಿಯಿತು. ನನ್ನ ಹೆಗಲು ಎಲ್ಲಿಗೋ ಬಡಿಯಿತು, ಆಮೇಲೆ ಎಡಗಡೆಯ ಕಿಟಕಿಯಲ್ಲಿ ಕರಿ ನೀರು ಏರುವುದು ಕಂಡಿತು.

ನನ್ನ ಕಡೆಯ ಕಿಟಕಿ ಮೇಲಕ್ಕಿತ್ತು, ಅದಕ್ಕೇ ಬದುಕಿದೆ. ಒಂದೇ ಕೈಯಲ್ಲಿ ಗಾಜು ಇಳಿಸಿ, ಸೀಟಿನ ಮೇಲೆ ಕಾಲಿಟ್ಟು ಹೊರಬಿದ್ದೆ. ರಸ್ತೆಯ ಮೇಲೆ ಕೂತು ವಾಂತಿ ಮಾಡಿದೆ.

ಗಾಡಿ ಎಳೆಯಲು ಬಂದವನು ಸೋಮಾ. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಗಾಳಿಯಲ್ಲಿ ತೂಗುತ್ತಿದ್ದ ಚಕ್ರ ನೋಡಿ ನನ್ನ ಹತ್ತಿರ ಬಂದ. ಕೋಪ ಬಂದಿತ್ತು ಅವನಿಗೆ. "ಅಷ್ಟು ಹೇಳಿದ್ನಲ್ಲ ಅಕ್ಕ. ಇದನ್ನೇ ಯಾಕೆ ಹಾಕಿದ್ರಿ?"

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಂಜೆ ಸೊಂಟ ಹಿಡಿದು ಮಲಗಿದ್ದವನ ನೆನಪಾಯಿತು. ಎಂಟು ಚಕ್ರ. ದೊಡ್ಡಮನೆಯವರಿಲ್ಲದ ಹೊತ್ತಿನಲ್ಲಿ, ಆ ಸೊಂಟ ಇಟ್ಟುಕೊಂಡು ಹಿಮದಲ್ಲಿ ಮಂಡಿಯೂರಿ ಎಂಟು ಚಕ್ರ ಬಿಚ್ಚಿ ಮತ್ತೆ ಮೊದಲಿನಂತೆ ಹಾಕಿದ್ದ.

ನನ್ನ ಹೆಗಲ ಮುಂದಿನ ಕೊರಳೆಲುಬು, ಎರಡು ಪಕ್ಕೆಲುಬು ಮುರಿದಿದ್ದವು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದ ದಿನ ಮೊರಿಯೊನನ್ನು ಕೇಳಿದೆ.

"ಯಾಕೆ ಮಾಡಿದ್ರಿ?"

"ದೊಡ್ಡಮನೆ ಗಾಡೀಲಿ ಆ ಟೈರ್ ಇರೋದು ಸರಿಯಲ್ಲ ಇಕು. ಅಣ್ಣಂಗೆ ಏನಾದ್ರೂ ಆಗಿದ್ರೆ?"

"ನಂಗೆ ಏನಾದ್ರೂ ಆಗಿದ್ರೆ?"

"ನಿಂಗೆ ಆ ತಿರುವು ಗೊತ್ತಲ್ಲ. ಇಪ್ಪತ್ತೇಳು ವರ್ಷದಿಂದ ಓಡಿಸ್ತಿದೀಯ. ಚೆನ್ನಾಗಿ ಓಡಿಸ್ತೀಯ."

"ಒಂದು ಮಾತು ಹೇಳೋಕೆ ಬಾಯಿ ಬಿದ್ದೋಗಿತ್ತಾ?"

"ಹೇಳಿದ್ರೆ ನೀನು ಮತ್ತೆ ಬದಲಾಯಿಸ್ತಿದ್ದೆ."

ಥೂ ಅಂದೆ. ಅವನು ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆದ. ನೀರಿನ ಸದ್ದು ಕೇಳಿದರೂ ಅಸಹ್ಯವಾಗುತ್ತಿತ್ತು.

ಮಾರನೆಯ ಮಧ್ಯಾಹ್ನ ಭಾವ ನೋಡಲು ಬಂದರು. ಸೇಬು ಬೆಳೆಯುವ ಮನೆಗೆ ಒಂದು ಪೆಟ್ಟಿಗೆ ಸೇಬು ತಂದಿದ್ದರು, ಅದೂ ಸಿಪ್ಪೆ ಸುಕ್ಕಾದವು. ರಜಾಯಿ ಹೊದಿಸಿದ ಬಿಸಿಮೇಜಿನೊಳಗೆ ಕಾಲು ಚಾಚಿ ಕೂತರು. ಮೊರಿಯೊ ಚಹಾ ತಂದಿಟ್ಟು ಮೂಲೆಯಲ್ಲಿ ಮಂಡಿ ಮಡಿಸಿ ತಲೆ ತಗ್ಗಿಸಿ ಕೂತ.

"ನೋಡಮ್ಮ, ಟೈರ್ ಮೇಲೆ ತಪ್ಪು ಹಾಕ್ಬೇಡ. ಸೋಮಾ ಏನೇನೋ ಅಂತಿದಾನಂತೆ. ಆ ತಿರುವೇ ಹಾಗೆ. ಡಿಸೆಂಬರಲ್ಲಿ ನಾನೂ ಅಲ್ಲೇ ಜಾರಿದ್ದೆ, ಹೊಸ ಟೈರಲ್ಲಿ! ಮೊಮ್ಮಗಳು ಸಯೊ ಪಕ್ಕದಲ್ಲಿದ್ಲು. ನಿಮ್ಮನೆಗೇ ಬರ್ತಿದ್ವಿ, ಹಿಂದಕ್ಕೆ ಜಾರ್ತಾ ಹೋಗಿ ಕಾಲುವೆ ಅಂಚಲ್ಲಿ ನಿಂತ್ವಿ. ಮೊರಿಯೊ ಅಲ್ಲೇ ವಾಕ್ ಮಾಡ್ತಿದ್ನಲ್ಲ, ಅವ್ನೇ ಚಕ್ರದ ಕೆಳಗೆ ಹಲಗೆ ಕೊಟ್ಟು ತಳ್ಳಿದ್ದು. ಯಾರಿಗೂ ಹೇಳ್ಬೇಡ ಅಂದಿದ್ದೆ, ಹೇಳಿಲ್ಲ ಪಾಪ."

ಸಯೊಗೆ ಆರು ವರ್ಷ. ನಾನು ಗಂಡನ ಕಡೆ ನೋಡಿದೆ. ಅವನು ಚಾಪೆಯನ್ನೇ ನೋಡುತ್ತಿದ್ದ. ಹಲಗೆ ಕೊಡಲು ಬಗ್ಗಿದಾಗ ಅವನ ಕಣ್ಣಿಗೆ ಟೈರು ಬಿದ್ದಿತ್ತು. ಅಷ್ಟು ದಿನ ಗಂಡನ ಮೇಲೆ, ಭಾವನ ಮೇಲೆ ಬರುತ್ತಿದ್ದ ಹೇಸಿಗೆ ಈಗ ನನ್ನ ಕೈಗಳ ಮೇಲೇ ಬಂತು. ಕಪ್ಪು ಪಾಲಿಶ್ ಬಳಿದ ಕೈ ಇದೇ. ಆ ಮಗು ನನಗೆ ನೆನಪೇ ಆಗಿರಲಿಲ್ಲ.

ಭಾವ ಚಹಾ ಗುಟುಕರಿಸಿ ಮುಂದುವರಿಸಿದರು. "ಗಾಡಿ ರಿಪೇರಿ ಆಗ್ಲಿ. ನಂದು ಈಗಿರೋ ಟೈರನ್ನೂ ಇನ್ನೆರಡು ವರ್ಷಕ್ಕೆ ನಿಮಗೇ ಕೊಡ್ತೀನಿ."

"ಬೇಡ ಭಾವ" ಅಂದೆ. "ಡಿಸೆಂಬರಲ್ಲಿ ನಿಮ್ಮ ಗಾಡೀಲಿ ಇದ್ದಿದ್ದು ಹೊಸ ಟೈರಲ್ಲ. ನೀವು ನಮಗೆ ಕೊಟ್ಟಿದ್ದೇ. ನಾನೇ ಅದಲು ಬದಲು ಹಾಕಿದ್ದೆ. ಸಯೊ ಇರ್ತಾಳೆ ಅಂತ ಯೋಚ್ನೆ ಮಾಡ್ಲಿಲ್ಲ. ಅದು ನನ್ನ ತಪ್ಪು."

ಭಾವನ ಮುಖ ಸುಣ್ಣದ ಹಾಗಾಯಿತು, ಆಮೇಲೆ ಕೆಂಪೇರಿತು. ಮೇಜಿಗೆ ಕೈ ಬಡಿದರು.

"ಆ ಸತ್ತ ಟೈರನ್ನ ನನ್ನ ಗಾಡಿಗೆ ಹಾಕಿದ್ಯಾ? ಬುದ್ಧಿ ಇದ್ಯಾ ನಿಂಗೆ? ಅದು ಜಾರುತ್ತೆ ಅಂತಾನೇ ತೆಗೆದು ಹಾಕಿದ್ದು! ಅದ್ರ ಮೇಲೆ ಮನುಷ್ಯರನ್ನ ಕೂರಿಸ್ತಾರೇನೇ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೂ ಕೇಳಿಸಿರಬೇಕು. ಬಾಯಿ ತೆರೆದೇ ಇತ್ತು. ನನ್ನ ಪಕ್ಕೆಲುಬು ನೋಯುತ್ತಿತ್ತು.

ಮೂಲೆಯಲ್ಲಿ ಮೊರಿಯೊ ತಲೆ ಎತ್ತಿದ್ದ. ಭಾವನನ್ನು ನೋಡಿದ, ನನ್ನ ಹೆಗಲಿಗೆ ಕಟ್ಟಿದ್ದ ಪಟ್ಟಿ ನೋಡಿದ. ಆಮೇಲೆ ಸೊಂಟ ಹಿಡಿದು ಎದ್ದು ಹೊಸ್ತಿಲಿಗೆ ಹೋಗಿ, ಭಾವನ ಬೂಟುಗಳನ್ನು ಎತ್ತಿ ಬಾಗಿಲ ಕಡೆ ಮುಖ ಮಾಡಿ ಜೋಡಿಸಿಟ್ಟ. ಅತಿಥಿ ಹೊರಡಲು ಎದ್ದಾಗ ಹಾಗೆ ಇಡುವುದು ನಮ್ಮಲ್ಲಿ ಮರ್ಯಾದೆ. ಭಾವ ಇನ್ನೂ ಕೂತೇ ಇದ್ದರು, ಚಹಾ ಅರ್ಧ ಉಳಿದಿತ್ತು.

"ಮೊರಿಯೊ?" ಅಂದರು ಭಾವ.

ಅವನು ತಿರುಗಲಿಲ್ಲ. ಹೊರಬಾಗಿಲು ಸರಿಸಿ ಹಿಡಿದುಕೊಂಡು ನಿಂತ.

"ಹೊರಗೆ ಜಾರುತ್ತೆ, ಅಣ್ಣ. ನೋಡ್ಕೊಂಡು ಇಳೀರಿ."